ಪ್ರೊಸೆಸರ್ 0.39 ಗಿಗಾಹರ್ಟ್ಜ್‌ಗೆ ಅಂಟಿಕೊಂಡಿದೆಯೇ? ಬಿಚ್ಚುವ ಮೊದಲು ಅಂಕಿ ಓದಿ

ಲ್ಯಾಪ್‌ಟಾಪ್ ಆಮೆಯಾಯಿತು ಎಂದರೆ ಸಿಗುವ ಮೊದಲ ಸಲಹೆ ‘ವಿಂಡೋಸ್ ಫಾರ್ಮ್ಯಾಟ್ ಮಾಡಿಬಿಡೋಣ’. ಎರಡನೆಯದು ‘ಎಸ್‌ಎಸ್‌ಡಿ ಹಾಕಿಸಿ’, ಮೂರನೆಯದು ‘ಬೋರ್ಡ್ ಹೋಗಿದೆ’. ತೊಂದರೆ ಪ್ರೊಸೆಸರ್ ವೇಗದ್ದಾದರೆ ಮೂರರಲ್ಲೂ ದುಡ್ಡು ದಂಡವಾಗುವ ಸಂಭವವೇ ಹೆಚ್ಚು. ವಯಸ್ಸಾಯಿತೆಂದು ಪ್ರೊಸೆಸರ್ ನಿಧಾನವಾಗುವುದಿಲ್ಲ. ಯಾರೋ ಅದರ ಹಗ್ಗ ಹಿಡಿದು ಎಳೆಯುತ್ತಿರುತ್ತಾರೆ. ಅದು ಯಾವ ಅಂಕಿಗೆ ಬಂದು ನಿಂತಿದೆ ಎಂದು ನೋಡಿದರೆ ಹಗ್ಗ ಯಾರ ಕೈಲಿದೆ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಆರಿಸಿದರೆ ಕೆಳಗೆ ಎರಡು ಅಂಕಿ ಕಾಣುತ್ತವೆ: ‘ಸ್ಪೀಡ್’ ಈಗಿನ ವೇಗ, ‘ಬೇಸ್ ಸ್ಪೀಡ್’ ಕಂಪನಿ ಹೇಳಿದ ಮೂಲ ವೇಗ. ಕೆಲಸವಿಲ್ಲದಾಗ ವೇಗ ಇಳಿಯುವುದು ಸಹಜ, ಅದನ್ನು ನೋಡಿ ಗಾಬರಿಯಾಗಬೇಡಿ. ಹೊರೆ ಕೊಟ್ಟು ನೋಡಬೇಕು. ಅದಕ್ಕೆ ಫೈಲ್ ಕುಗ್ಗಿಸುವ, ಉಚಿತವಾಗಿ ಸಿಗುವ 7-ಜಿಪ್ ತಂತ್ರಾಂಶ ಸಾಕು: ಟೂಲ್ಸ್ ಮೆನುವಿನಲ್ಲಿ ಬೆಂಚ್‌ಮಾರ್ಕ್ ಇದೆ. ಹತ್ತು ನಿಮಿಷ ಓಡಲು ಬಿಟ್ಟು, ಚಾರ್ಜರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಅಂಕಿ ಬರೆದಿಟ್ಟುಕೊಳ್ಳಿ. ಜೊತೆಗೆ ಎಚ್‌ಡಬ್ಲ್ಯುಇನ್ಫೋ (HWiNFO) ತಂತ್ರಾಂಶದ ಸೆನ್ಸರ್ ಕಿಟಕಿಯಲ್ಲಿ ಬಿಸಿ ಎಷ್ಟು, ಸಿಪಿಯು ಪ್ಯಾಕೇಜ್ ಪವರ್ ಎಷ್ಟು ವ್ಯಾಟ್ ಎಂದೂ ನೋಡಿ.

ಇಂಟೆಲ್‌ನ ಲ್ಯಾಪ್‌ಟಾಪ್ ಪ್ರೊಸೆಸರ್ ಐ5-8250ಯು ಉದಾಹರಣೆ ತೆಗೆದುಕೊಳ್ಳೋಣ. ಮೂಲ ವೇಗ 1.6, ಟರ್ಬೊದಲ್ಲಿ (ಹೊರೆ ಬಿದ್ದಾಗ ಸ್ವಲ್ಪ ಹೊತ್ತು ಏರುವ ವೇಗ) 3.4 ಗಿಗಾಹರ್ಟ್ಜ್, ವಿದ್ಯುತ್ ಮಿತಿ 15 ವ್ಯಾಟ್, ಬಿಸಿಯ ಮಿತಿ 100 ಡಿಗ್ರಿ. ಹೊರೆ ಇದ್ದರೂ 0.39 ಅಥವಾ 0.79ರಲ್ಲೇ ಮೊಳೆ ಹೊಡೆದಂತೆ ನಿಂತಿದ್ದರೆ ಪ್ರೊಸೆಸರ್‌ಗೆ ಹೊರಗಿನಿಂದ ‘ನಿಲ್ಲು’ ಎಂಬ ಸಂಕೇತ ಬರುತ್ತಿದೆ. 1.6ರ ಆಸುಪಾಸಿಗಿಂತ ಮೇಲೇಳುವುದೇ ಇಲ್ಲ, ಬಿಸಿಯೂ ಇಲ್ಲ ಎಂದರೆ ಟರ್ಬೊ ಆಫ್ ಆಗಿದೆ. 3.4ಕ್ಕೆ ಹಾರಿ, ಬಿಸಿ 95 ದಾಟಿದ ಕೂಡಲೇ ಕುಸಿದರೆ ಕೂಲಿಂಗ್ ಸೋತಿದೆ. ಬಿಸಿ 70ರಷ್ಟೇ ಇದ್ದು, ಅರ್ಧ ನಿಮಿಷದ ನಂತರ 2.3ರ ಸುತ್ತ ಸ್ಥಿರವಾಗಿ, ಪವರ್ 15 ವ್ಯಾಟ್‌ನಲ್ಲಿ ನಿಂತರೆ ಏನೂ ಕೆಟ್ಟಿಲ್ಲ. ಆ ಚಿಪ್ ಕೆಲಸ ಮಾಡುವುದೇ ಹಾಗೆ. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿರುವ ಟರ್ಬೊ ಅಂಕಿ ಓಟದ ಮೊದಲ ಕೆಲವು ಹೆಜ್ಜೆಗಳದ್ದು, ಇಡೀ ಮ್ಯಾರಥಾನ್‌ನದ್ದಲ್ಲ.

0.39 ಮತ್ತು ಚಾರ್ಜರ್ ಪಿನ್

ಹೊರಗಿನಿಂದ ಬರುವ ಆ ಸಂಕೇತದ ಹೆಸರು ಬಿ.ಡಿ. ಪ್ರೋಕ್‌ಹಾಟ್ (BD PROCHOT), ಅಂದರೆ ಎರಡೂ ದಿಕ್ಕಿನಿಂದ ಬರಬಹುದಾದ ‘ಪ್ರೊಸೆಸರ್ ಬಿಸಿ’ ಸಂಕೇತ. ಪ್ರೊಸೆಸರ್ ತಣ್ಣಗಿದ್ದರೂ, ಬೋರ್ಡಿನ ಬೇರೆ ಯಾವುದಾದರೂ ಭಾಗ ‘ನನ್ನ ಕೈಲಾಗುತ್ತಿಲ್ಲ’ ಎಂದು ಆ ತಂತಿ ಎಳೆಯಬಹುದು. ಪ್ರೊಸೆಸರ್‌ಗೆ ಬೇಕಾದ ವೋಲ್ಟೇಜ್ ಒದಗಿಸುವ ರೆಗ್ಯುಲೇಟರ್, ಬ್ಯಾಟರಿ, ಚಾರ್ಜಿಂಗ್ ಸರ್ಕ್ಯೂಟ್, ಯಾವುದಾದರೂ ಸರಿ. ಇಂಟೆಲ್ ಯಂತ್ರಗಳಲ್ಲಿ ಇದನ್ನು ಥ್ರಾಟಲ್‌ಸ್ಟಾಪ್ ತಂತ್ರಾಂಶದ ಲಿಮಿಟ್ಸ್ ಗುಂಡಿ ಒತ್ತಿ ಖಚಿತಪಡಿಸಿಕೊಳ್ಳಬಹುದು: ಕೆಂಪು ಎಂದರೆ ಈಗಲೇ ತಡೆ ಇದೆ, ಹಳದಿ ಎಂದರೆ ಸ್ವಲ್ಪ ಮೊದಲು ಇತ್ತು. ಈವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್‌ನಲ್ಲಿ ಕರ್ನಲ್-ಪ್ರೊಸೆಸರ್-ಪವರ್ ಹೆಸರಿನ 37ನೇ ಸಂಖ್ಯೆಯ ಎಚ್ಚರಿಕೆ ಕಂಡರೆ, ವೇಗವನ್ನು ಫರ್ಮ್‌ವೇರ್ (ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ತಡೆಯುತ್ತಿದೆ ಎಂದರ್ಥ. ಅಂಥಲ್ಲಿ ವಿಂಡೋಸ್ ಫಾರ್ಮ್ಯಾಟ್ ಮಾಡಿದರೆ ನಿಧಾನವಾದ ಹೊಸ ವಿಂಡೋಸ್ ಸಿಗುತ್ತದೆ, ಅಷ್ಟೇ.

ಮೊದಲು ಶಂಕಿಸಬೇಕಾದ್ದು ಚಾರ್ಜರ್. ಡೆಲ್‌ನ ದುಂಡು ತುದಿಯ ಚಾರ್ಜರ್ ಕೈಯಲ್ಲಿ ಹಿಡಿದು ಬಾಯಿಯೊಳಗೆ ನೋಡಿ: ನಡುವೆ ಸೂಜಿಯಂಥ ಪಿನ್ ಇದೆ. ಅದು ಕರೆಂಟ್ ಸಾಗಿಸುವುದಿಲ್ಲ. ‘ನಾನು ಇಷ್ಟು ವ್ಯಾಟ್‌ನ ಚಾರ್ಜರ್’ ಎಂಬ ಗುರುತನ್ನು ಲ್ಯಾಪ್‌ಟಾಪ್‌ಗೆ ತಿಳಿಸುತ್ತದೆ. ಆ ಪಿನ್ ಬಾಗಿದರೆ, ಇಲ್ಲವೇ ತುದಿಯ ಹತ್ತಿರ ಕೇಬಲ್ ಮಡಚಿ ಮಡಚಿ ಒಳಗಿನ ಎಳೆ ತುಂಡಾದರೆ, ಕರೆಂಟ್ ಬರುತ್ತಲೇ ಇರುತ್ತದೆ, ದೀಪವೂ ಉರಿಯುತ್ತದೆ, ಆದರೆ ಗುರುತು ಸಿಗುವುದಿಲ್ಲ. ಆಗ ಯಂತ್ರ ಬ್ಯಾಟರಿ ಚಾರ್ಜ್ ಮಾಡುವುದನ್ನು ನಿಲ್ಲಿಸಿ ಪ್ರೊಸೆಸರ್ ವೇಗವನ್ನೂ ತಗ್ಗಿಸುತ್ತದೆ. ಪರೀಕ್ಷೆ ಸುಲಭ. ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಚಾರ್ಜರ್ ಕಿತ್ತು ನೋಡಿ. ಬ್ಯಾಟರಿಯಲ್ಲಿ ವೇಗ ಸರಿಹೋದರೆ ಕಳ್ಳ ಸಿಕ್ಕಂತೆ. ಆನ್ ಮಾಡುವಾಗ ಎಫ್2 ಒತ್ತಿ ಬಯಾಸ್ (ಆ ಫರ್ಮ್‌ವೇರ್‌ನ ಸೆಟ್ಟಿಂಗ್ ಪರದೆ) ಒಳಗೆ ಹೋದರೂ ಅಡಾಪ್ಟರ್ ಎದುರು 65 ವ್ಯಾಟ್, 90 ವ್ಯಾಟ್ ಎಂದು ಇರಬೇಕಾದ ಕಡೆ ‘ಗೊತ್ತಿಲ್ಲ’ ಎಂಬ ಅರ್ಥದ ಮಾತು ಇರುತ್ತದೆ.

ಅದೇ 19.5 ವೋಲ್ಟ್‌ನ, ಅಷ್ಟೇ ಅಥವಾ ಹೆಚ್ಚು ವ್ಯಾಟ್‌ನ ಅಸಲಿ ಚಾರ್ಜರ್ ಎರವಲು ತಂದು ಹಾಕಿ ನೋಡಿ. ಸರಿಹೋಗದಿದ್ದರೆ ತಪ್ಪು ಲ್ಯಾಪ್‌ಟಾಪ್ ಕಡೆಯ ಜ್ಯಾಕ್‌ನದ್ದು. ಹಲವು ಮಾದರಿಗಳಲ್ಲಿ ಅದು ವೈರ್ ಸಮೇತ ಬಿಡಿಯಾಗಿ ಬರುವ ಚಿಕ್ಕ ಭಾಗ, ಬೆಸುಗೆಯೂ ಬೇಡ. ಬೋರ್ಡ್ ಬದಲಿಸುವ ಮಾತು ಅದರ ನಂತರ.

ಯುಎಸ್‌ಬಿ-ಸಿ ಚಾರ್ಜರ್‌ನಲ್ಲಿ ಇದೇ ಕಾಯಿಲೆ ಬೇರೆ ವೇಷದಲ್ಲಿ ಬರುತ್ತದೆ. 30 ವ್ಯಾಟ್‌ನ ಫೋನ್ ಚಾರ್ಜರ್ ಹಾಕಿದರೆ ಯಂತ್ರ ಓಡುತ್ತದೆ, ಕುಂಟುತ್ತಾ. ಚಾರ್ಜರ್ 100 ವ್ಯಾಟ್‌ನದ್ದಾದರೂ ಕೇಬಲ್ 3 ಆಂಪಿಯರ್‌ನದ್ದಾದರೆ 20 ವೋಲ್ಟ್‌ನಲ್ಲಿ 60 ವ್ಯಾಟ್‌ಗಿಂತ ಹೆಚ್ಚು ಹರಿಯುವುದಿಲ್ಲ.

ಚಾರ್ಜರ್ ನಿರ್ದೋಷಿ ಎಂದಾದರೆ: ಚಾರ್ಜರ್ ಕಿತ್ತು, ಯಂತ್ರ ಆಫ್ ಮಾಡಿ, ಪವರ್ ಗುಂಡಿಯನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ; ಸಿಕ್ಕಿಕೊಂಡ ಸಂಕೇತ ಅದರಿಂದ ಅಳಿಯಬಹುದು. ಸತ್ತ ಬ್ಯಾಟರಿಯನ್ನು ತೆಗೆದಿಟ್ಟು ಬರೀ ಚಾರ್ಜರ್‌ನಲ್ಲಿ ಓಡಿಸುವವರಿಗೂ ವೇಗ ಇಳಿಯಬಹುದು, ಏಕೆಂದರೆ ಟರ್ಬೊದ ಕ್ಷಣಿಕ ಹಸಿವನ್ನು ನೀಗಿಸುವುದರಲ್ಲಿ ಬ್ಯಾಟರಿಗೂ ಪಾಲಿದೆ. ಥ್ರಾಟಲ್‌ಸ್ಟಾಪ್‌ನಲ್ಲಿ ಬಿ.ಡಿ. ಪ್ರೋಕ್‌ಹಾಟ್ ಎದುರಿನ ಟಿಕ್ ತೆಗೆದರೆ ವೇಗ ತಟ್ಟನೆ ಮರಳುತ್ತದೆ. ಅದನ್ನು ಪರೀಕ್ಷೆಗೆ ಬಳಸಿ, ಕಾಯಂ ಮದ್ದಾಗಿ ಅಲ್ಲ. ಪ್ರೊಸೆಸರ್‌ನ ಸ್ವಂತ ಬಿಸಿ ರಕ್ಷಣೆ ಉಳಿಯುತ್ತದೆ, ಆದರೆ ಕೂಗುತ್ತಿದ್ದ ರೆಗ್ಯುಲೇಟರ್‌ನ ಬಾಯಿ ಮುಚ್ಚಿದಂತಾಗುತ್ತದೆ.

ಮೂಲ ವೇಗ ದಾಟದಿದ್ದರೆ

ಇದು ಐದು ನಿಮಿಷದ ಕೆಲಸ. ಕಂಟ್ರೋಲ್ ಪ್ಯಾನೆಲ್‌ನ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ 100 ಇರಲಿ. 99 ಮಾಡಿದರೆ ಒಂದು ಶೇಕಡಾ ಕಡಿಮೆಯಾಗುವುದಿಲ್ಲ, ಟರ್ಬೊ ಪೂರ್ತಿ ನಿಲ್ಲುತ್ತದೆ. ಬಿಸಿ ಕಡಿಮೆ ಮಾಡುವ ಉಪಾಯವೆಂದು ಯಾರೋ ಮಾಡಿಟ್ಟು ಮರೆತಿರುತ್ತಾರೆ. ಆ ಸಾಲು ಕಾಣದಿದ್ದರೆ ವಿಂಡೋಸ್ 11ರ ಪವರ್ ಮೋಡ್ ನೋಡಿ. ಬಳಿಕ ಬಯಾಸ್‌ನಲ್ಲಿ ಟರ್ಬೊ ಬೂಸ್ಟ್ ಮತ್ತು ಸ್ಪೀಡ್‌ಸ್ಟೆಪ್ (ಹೊರೆಗೆ ತಕ್ಕಂತೆ ವೇಗ ಬದಲಿಸುವ ಇಂಟೆಲ್ ಸೌಲಭ್ಯ) ಆನ್ ಇವೆಯೇ ನೋಡಿ.

ಬಿಸಿಯಿಂದ ಕುಸಿದರೆ

ಮಲಗುವ ಮನೆಯಲ್ಲಿ 25 ಡಿಗ್ರಿ ಇದ್ದಾಗ 85ಕ್ಕೆ ನಿಲ್ಲುತ್ತಿದ್ದ ಚಿಪ್, ಅದೇ ಹೊರೆಯಲ್ಲಿ ರಾಯಚೂರಿನ ಮೇ ತಿಂಗಳ 40 ಡಿಗ್ರಿಯಲ್ಲಿ 100 ಮುಟ್ಟುತ್ತದೆ. ಲೆಕ್ಕ ಅಷ್ಟು ಸರಳ. ಹಾಗಾಗಿ ಬೇಸಿಗೆಯಲ್ಲಷ್ಟೇ ಬರುವ ನಿಧಾನಕ್ಕೆ ಮೊದಲು ಹಾಸಿಗೆ ಮೇಲಿಂದ ಎತ್ತಿ ಮೇಜಿನ ಮೇಲಿಡಿ.

ತಳದ ಮುಚ್ಚಳ ಬಿಚ್ಚಿದ ಮೇಲೆ ಮೊದಲು ಬ್ಯಾಟರಿ ಕನೆಕ್ಟರ್ ಕಳಚಿ. ಹೊರಗಿನಿಂದ ಗಾಳಿ ಊದಿದರೆ ಸಾಲದು. ಫ್ಯಾನ್ ಮತ್ತು ತಾಮ್ರದ ರೆಕ್ಕೆಗಳ ನಡುವಿನ ಸಂದಿಯಲ್ಲಿ ಧೂಳು, ಕೂದಲು, ಬಟ್ಟೆಯ ನಾರು ಸೇರಿ ಕಂಬಳಿ ತುಂಡಿನಂತೆ ಗಟ್ಟಿಯಾಗಿರುತ್ತದೆ. ಫ್ಯಾನ್ ಕವಚ ತೆಗೆದು ಚಿಮುಟದಿಂದ ಎತ್ತಿದರೆ ಇಡೀ ಹಾಳೆಯಾಗಿ ಬರುತ್ತದೆ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿಯಿರಿ, ಬಿಟ್ಟರೆ ವಿಪರೀತ ತಿರುಗಿ ಬೇರಿಂಗ್ ಕೆಡುತ್ತದೆ.

ಇಷ್ಟಾದರೂ ಬಿಸಿ ಇಳಿಯದಿದ್ದರೆ ಥರ್ಮಲ್ ಪೇಸ್ಟ್ ಬದಲಿಸಿ: ಚಿಪ್‌ನ ಬಿಸಿಯನ್ನು ಅದರ ಮೇಲೆ ಕೂತ ಲೋಹದ ಹೀಟ್‌ಸಿಂಕ್‌ಗೆ ದಾಟಿಸುವ ಲೇಪ ಅದು. ಬಿಸಿ-ತಂಪಿನ ಆವರ್ತನದಲ್ಲಿ ಅದು ಮೆಲ್ಲಗೆ ಅಂಚಿಗೆ ಹರಿದುಹೋಗಿ ನಡುವೆ ಖಾಲಿಯಾಗುತ್ತದೆ. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಕೊರೆದಿರುತ್ತದೆ. ಬಿಚ್ಚುವಾಗ 4ರಿಂದ 1ಕ್ಕೆ, ಬಿಗಿಯುವಾಗ 1ರಿಂದ 4ಕ್ಕೆ, ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ. ಹಳೆಯದನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಲ್ಯಾಪ್‌ಟಾಪ್‌ನ ಬೆತ್ತಲೆ ಚಿಪ್ಪಿಗೆ ಮೂಲೆಮೂಲೆಗೂ ತೆಳುವಾಗಿ ಹರಡಿ; ಡೆಸ್ಕ್‌ಟಾಪ್‌ನ ಲೋಹದ ಮುಚ್ಚಳಕ್ಕೆ ಬಟಾಣಿ ಗಾತ್ರ ಸಾಕು. ಪಕ್ಕದ ಥರ್ಮಲ್ ಪ್ಯಾಡ್‌ಗಳನ್ನು ಅಂದಾಜಿನ ಮೇಲೆ ಬದಲಿಸಬೇಡಿ. 0.5 ಮಿ.ಮೀ. ಇದ್ದಲ್ಲಿ 1 ಮಿ.ಮೀ. ಹಾಕಿದರೆ ಹೀಟ್‌ಸಿಂಕ್ ಎತ್ತರಿಸಿ ನಿಂತು ಚಿಪ್ಪಿಗೆ ತಾಗುವುದೇ ಇಲ್ಲ, ಮೊದಲಿಗಿಂತ ಕೆಡುತ್ತದೆ.

ಡೆಸ್ಕ್‌ಟಾಪ್‌ನಲ್ಲಿ ಆನ್ ಆದ ಕೆಲವೇ ಸೆಕೆಂಡಿನಲ್ಲಿ 100 ಮುಟ್ಟಿದರೆ ಕೂಲರ್ ಸರಿಯಾಗಿ ಕೂತಿಲ್ಲ. ಇಂಟೆಲ್ ಪೆಟ್ಟಿಗೆಯ ಜೊತೆ ಬರುವ ಕೂಲರ್‌ನ ನಾಲ್ಕು ತಳ್ಳುಗೂಟಗಳಲ್ಲಿ ಒಂದು ಎದ್ದಿರುತ್ತದೆ. ಮೇಲಿನಿಂದ ನೋಡಿ ನಂಬದೆ ಬೋರ್ಡಿನ ಹಿಂಬದಿಯಲ್ಲಿ ನಾಲ್ಕೂ ಬಿಳಿ ತುದಿ ಪೂರ್ತಿ ಹೊರಬಂದಿವೆಯೇ ನೋಡಿ. ರೈಜನ್ 7000 ಸರಣಿಯವರು ಮಾತ್ರ 95 ಕಂಡು ಬಿಚ್ಚಲು ಹೋಗಬೇಡಿ, ಪೂರ್ಣ ಹೊರೆಯಲ್ಲಿ ಅಲ್ಲಿಯವರೆಗೆ ಏರುವಂತೆಯೇ ಅವನ್ನು ಮಾಡಿದ್ದಾರೆ. ಇನ್ನು ಅಗ್ಗದ ಬೋರ್ಡಿಗೆ ಐ9 ಕೂರಿಸಿ, ಚಿಪ್ 65 ಡಿಗ್ರಿಯಲ್ಲಿದ್ದರೂ ವೇಗ ಏರಿಳಿಯುತ್ತಿದ್ದರೆ ಬಿಸಿಯೇರುತ್ತಿರುವುದು ಅದರ ಪಕ್ಕದ, ಹೀಟ್‌ಸಿಂಕ್ ಇಲ್ಲದ ರೆಗ್ಯುಲೇಟರ್. ಅದರ ಮೇಲೆ ಗಾಳಿ ಬೀಳುವಂತೆ ಒಂದು ಫ್ಯಾನ್ ತಿರುಗಿಸಿ, ಅಥವಾ ಬಯಾಸ್‌ನಲ್ಲಿ ಪವರ್ ಮಿತಿಯನ್ನು ಅದು ತಾಳುವಷ್ಟಕ್ಕೆ ಇಳಿಸಿ.