ಅಗ್ಗದ್ದೋ, ದುಬಾರಿಯದ್ದೋ? ಜಿಂಕೆ ಬೇಟೆಗೆ ಮೊದಲ ರೈಫಲ್ ಆರಿಸುವ ಬಗೆ

ಅಂಗಡಿಯವರು ಕೌಂಟರಿನ ಮೇಲೆ ರಬ್ಬರ್ ಹಾಸು ಹರಡಿ ಎರಡು ರೈಫಲ್‌ಗಳನ್ನು ಪಕ್ಕಪಕ್ಕದಲ್ಲಿ ಇಟ್ಟರು. ಎರಡೂ ಕಪ್ಪು, ಎರಡೂ ಬೋಲ್ಟ್ ಆ್ಯಕ್ಷನ್ (ಪ್ರತಿ ಈಡಿಗೂ ಬೋಲ್ಟನ್ನು ಕೈಯಿಂದ ಎಳೆದು ತಳ್ಳುವ ಬಗೆ), ಎರಡೂ .308 ತೋಟಾ ಹಾರಿಸುವಂಥವು. ಒಂದರ ಚೀಟಿಯ ಮೇಲೆ 450 ಡಾಲರ್, ಇನ್ನೊಂದರ ಮೇಲೆ 1,200. ಜೊತೆಗೆ ಬಂದಿದ್ದ ಗೆಳೆಯ ಎರಡನ್ನೂ ಎತ್ತಿ ನೋಡಿ, ಇಳಿಸಿ, ನನ್ನ ಕಡೆ ತಿರುಗಿ ಕೇಳಿದ: 'ಈ ಏಳುನೂರೈವತ್ತು ಡಾಲರ್ ಎಲ್ಲಿ ಕೂತಿದೆ, ತೋರಿಸು.'

ಗೆಳೆಯ ಬೆಂಗಳೂರಿನವನು. ಅಮೆರಿಕದ ಪೆನ್ಸಿಲ್ವೇನಿಯಕ್ಕೆ ಬಂದು ಬಹಳ ವರ್ಷಗಳಾಗಿದ್ದರೂ ಬೇಟೆಗೆ ಹೊರಟಿರುವುದು ಇದೇ ಮೊದಲು. ನಾನು ಮಡಿಕೇರಿ ಸೀಮೆಯವನು. ಸೆಪ್ಟೆಂಬರಿನ ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಯ ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡುತ್ತಲೇ ಬೆಳೆದವನು. ಆದರೆ ಊರಿನಲ್ಲಿ ನಾನು ಬೇಟೆಯಾಡಿದವನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಭಾರತದಲ್ಲಿ ಬೇಟೆಗೆ ಅವಕಾಶವಿಲ್ಲ, ಅದು ಹಾಗೆಯೇ ಇರಬೇಕು ಎನ್ನುವುದೇ ನನ್ನ ಅಭಿಪ್ರಾಯ. ಇಲ್ಲಿನ ಸ್ಥಿತಿ ಬೇರೆ. ಬಿಳಿಬಾಲದ ಜಿಂಕೆಗಳ ಸಂಖ್ಯೆಯನ್ನು ಹದದಲ್ಲಿಡಲು ಸರ್ಕಾರವೇ ಋತು ಗೊತ್ತುಮಾಡಿ ಪರವಾನಗಿ ಕೊಡುತ್ತದೆ. ಪೆನ್ಸಿಲ್ವೇನಿಯದಲ್ಲಿ 2019ರಿಂದ ರೈಫಲ್ ಋತು ಆರಂಭವಾಗುವುದು ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ. ಅದಕ್ಕೆ ಮುಂಚಿನ ವಾರಗಳಲ್ಲಿ ಬಂದೂಕಿನಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲದಲ್ಲಿ ರೈಫಲ್ ಕೊಂಡು ಆಮೇಲೆ ಪೇಚಾಡುವವರು ಬಹಳ. ಆಗಸ್ಟಿನಲ್ಲೇ ಹೋಗಿ. ಹೋದಾಗ ಯಾವುದನ್ನು ಹೇಗೆ ನೋಡಬೇಕು ಎನ್ನುವುದಕ್ಕೆ ಈ ಲೇಖನ.

ಕಾಗದಪತ್ರ ಮೊದಲು

ನಮ್ಮವರು ಎಡವುವುದು ಇಲ್ಲೇ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಇರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಪರವಾನಗಿಯ ಅವಧಿ ಮುಗಿದ ದಿನವೇ ವಿನಾಯಿತಿಯೂ ಮುಗಿಯುತ್ತದೆ ಎನ್ನುವುದನ್ನು ಹಲವರು ಮರೆಯುತ್ತಾರೆ. ನೀವು ಯಾವ ವೀಸಾದಲ್ಲಿದ್ದರೂ ವಕೀಲರನ್ನು ಒಮ್ಮೆ ಕೇಳಿಯೇ ಮುಂದುವರಿಯಿರಿ. ಇಲ್ಲಿ ತಪ್ಪಾದರೆ ರೈಫಲ್ ಮಾತ್ರವಲ್ಲ, ಈ ದೇಶದಲ್ಲಿ ಕಟ್ಟಿಕೊಂಡ ಬದುಕೇ ಹೋಗಬಹುದು.

ಪರವಾನಗಿಗೆ ಮುನ್ನ ಬೇಟೆ ಸುರಕ್ಷತೆಯ ತರಗತಿ ಮುಗಿಸಿ ಪರೀಕ್ಷೆ ಪಾಸಾಗಬೇಕು. ಅಂಗಡಿಯಲ್ಲಿ 4473 ಎಂಬ ನಮೂನೆ ತುಂಬಿಸುತ್ತಾರೆ, ಹಿನ್ನೆಲೆ ತಪಾಸಣೆ ಮಾಡುತ್ತಾರೆ. ಕೊಂಡ ರೈಫಲನ್ನು ಮುಂದೊಂದು ದಿನ ಊರಿಗೆ ಒಯ್ಯುವ ಲೆಕ್ಕಾಚಾರವನ್ನು ಮಾತ್ರ ಇಟ್ಟುಕೊಳ್ಳಬೇಡಿ.

ತೋಟಾ ಯಾವುದು

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 1906ರ .30-06, 1952ರ .308, 1955ರ .243, 2007ರ 6.5 ಕ್ರೀಡ್‌ಮೂರ್, ಈ ತೋಟಾಗಳೆಲ್ಲವೂ ಜಿಂಕೆಗೆ ಸಾಕು. ಭುಜಕ್ಕೆ ಬೀಳುವ ಒದೆತ .243 ಮತ್ತು ಕ್ರೀಡ್‌ಮೂರ್‌ನಲ್ಲಿ ಕಡಿಮೆ, .30-06ರಲ್ಲಿ ಜೋರು. ಮನೆಗೆ ಹತ್ತಿರದ ಅಂಗಡಿಯಲ್ಲಿ ಯಾವುದರ ಡಬ್ಬಿಗಳು ಹೆಚ್ಚು ಪೇರಿಸಿರುತ್ತವೆಯೋ ಅದನ್ನು ಆರಿಸಿ. ಪೆನ್ಸಿಲ್ವೇನಿಯದಲ್ಲಿ ಜಿಂಕೆಗೆ ಅರೆಸ್ವಯಂಚಾಲಿತ ರೈಫಲ್ ಬಳಸುವಂತಿಲ್ಲ. ಆದ್ದರಿಂದ ಬೋಲ್ಟ್ ಆ್ಯಕ್ಷನ್ನೇ ಇರಲಿ.

ಗುರಿಯ ನಿಖರತೆಗೆ ಹಣ ಬೇಕೇ?

ಗೆಳೆಯನ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರುವಾಗುತ್ತದೆ. ರೈಫಲಿನ ನಿಖರತೆಯನ್ನು ಎಂಒಎ ಎಂಬ ಕೋನದ ಅಳತೆಯಲ್ಲಿ ಹೇಳುತ್ತಾರೆ. 100 ಗಜ ದೂರದಲ್ಲಿ ಒಂದು ಎಂಒಎ ಎಂದರೆ ಸರಿಸುಮಾರು ಒಂದು ಅಂಗುಲ. ಅಲುಗದಂತೆ ಊರಿಕೊಂಡು ಮೂರು ಈಡು ಹೊಡೆದಾಗ ಮೂರೂ ತೂತುಗಳು ಒಂದು ಅಂಗುಲದೊಳಗೆ ಬಿದ್ದರೆ ಅದು ಬಹಳ ಒಳ್ಳೆಯ ರೈಫಲ್. ಜಿಂಕೆಯ ಎದೆಗೂಡಿನಲ್ಲಿ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಸುಮಾರು ಎಂಟು ಅಂಗುಲ ಅಗಲ. ಇಲ್ಲಿನ ಕಾಡುಗಳಲ್ಲಿ ಬಹುಪಾಲು ಈಡು ಬೀಳುವುದು ನೂರು ಗಜದ ಒಳಗೇ. ಅಂದರೆ ಎರಡು ಅಂಗುಲದಲ್ಲಿ ಚದುರುವ ರೈಫಲ್ ಕೂಡ ಕೆಲಸಕ್ಕೆ ಬೇಕಾದ್ದಕ್ಕಿಂತ ಚೆನ್ನಾಗಿಯೇ ಇದೆ.

ಈಗಿನ ಅಗ್ಗದ ರೈಫಲ್‌ಗಳು ಅದಕ್ಕಿಂತಲೂ ಚೆನ್ನಾಗಿ ಹೊಡೆಯುತ್ತವೆ. ಸ್ಯಾವೇಜ್ ಆ್ಯಕ್ಸಿಸ್, 2012ರ ಸುಮಾರಿಗೆ ಬಂದ ರೂಗರ್ ಅಮೆರಿಕನ್, ಮಾಸ್‌ಬರ್ಗ್ ಪೇಟ್ರಿಯಟ್ ಈ ಸಾಲಿನವು. ಇವುಗಳ ಬೆಲೆ ಇಳಿದದ್ದು ನಳಿಗೆಯನ್ನು ಕಳಪೆ ಮಾಡಿದ್ದರಿಂದಲ್ಲ. ಹಿಂದೆ ನಳಿಗೆಯನ್ನು ಬೋಲ್ಟಿನ ಮನೆಗೆ ಕೂಡಿಸಲು ನುರಿತ ಕೆಲಸಗಾರರು ಬೇಕಿತ್ತು, ತೋಟಾ ಕೂರುವ ಅಂತರ ಕೂದಲೆಳೆಯಷ್ಟೂ ತಪ್ಪದಂತೆ ಒಂದೊಂದನ್ನೂ ಹೊಂದಿಸಬೇಕಿತ್ತು. ಆ್ಯಕ್ಸಿಸ್ ಮತ್ತು ಅಮೆರಿಕನ್‌ಗಳಲ್ಲಿ ನಳಿಗೆಯ ಬುಡಕ್ಕೆ ಒಂದು ದಪ್ಪ ನಟ್ ಇರುತ್ತದೆ. ಅಳತೆಯ ಗೇಜ್ ಒಳಗಿಟ್ಟು, ನಳಿಗೆಯನ್ನು ಅದಕ್ಕೆ ತಾಗುವವರೆಗೆ ತಿರುಗಿಸಿ, ನಟ್ ಬಿಗಿದರೆ ಮುಗಿಯಿತು. ಸ್ಯಾವೇಜ್ ಕಂಪನಿ ಈ ಉಪಾಯವನ್ನು 1958ರ ಮಾಡೆಲ್ 110ರಿಂದಲೇ ಬಳಸಿಕೊಂಡು ಬಂದಿದೆ. ಕೂಲಿ ಉಳಿಯಿತು, ನಿಖರತೆ ಉಳಿದುಕೊಂಡಿತು. ಕಾರ್ಖಾನೆಯವರ ಈ ಜಾಣ್ಮೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಸಾಮಾನ್ಯ ಸಂಬಳದ ಮನುಷ್ಯನ ಕೈಗೂ ನೆಟ್ಟಗೆ ಹೊಡೆಯುವ ರೈಫಲ್ ಸಿಗುವಂತಾಗಿದ್ದು ಇದರಿಂದಲೇ.

ಹಾಗಿದ್ದರೆ ದುಡ್ಡು ಎಲ್ಲಿ ಕೂತಿದೆ? ಕೈಗೆ ತಿಳಿಯುವ ಜಾಗಗಳಲ್ಲಿ.

ಕೌಂಟರಿನಲ್ಲೇ ಮಾಡಬೇಕಾದ ಪರೀಕ್ಷೆ

ರೈಫಲ್ ಕೈಗೆ ಬಂದ ಕೂಡಲೇ ಬೋಲ್ಟ್ ತೆರೆದು ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಈಗಷ್ಟೇ ಅಂಗಡಿಯವರು ನೋಡಿದ್ದರೂ ನೀವು ನೋಡಬೇಕು. ನಳಿಗೆಯ ಬಾಯಿ ಯಾರ ಕಡೆಗೂ ತಿರುಗಬಾರದು.

ಮೊದಲು ಅಳತೆ. ರೈಫಲಿನ ಹಿಂಭಾಗವನ್ನು ಮೊಣಕೈಯ ಒಳಮಡಿಕೆಗೆ ತಾಗಿಸಿ ಹಿಡಿಯಿರಿ. ತೋರುಬೆರಳಿನ ಮೊದಲ ಗೆಣ್ಣು ಆರಾಮವಾಗಿ ಟ್ರಿಗರನ್ನು ಮುಟ್ಟಬೇಕು. ಇಲ್ಲಿನ ರೈಫಲ್‌ಗಳಲ್ಲಿ ಈ ಅಂತರ ಸಾಮಾನ್ಯವಾಗಿ ಹದಿಮೂರೂವರೆಯಿಂದ ಹದಿನಾಲ್ಕು ಅಂಗುಲ. ನಮ್ಮಲ್ಲಿ ಅನೇಕರ ತೋಳಿಗೆ, ಅದರಲ್ಲೂ ಹೆಂಗಸರ ತೋಳಿಗೆ, ಇದು ಉದ್ದವಾಗುತ್ತದೆ. ದಪ್ಪ ಚಳಿಗಾಲದ ಕೋಟು ಹಾಕಿಕೊಂಡು ಭುಜಕ್ಕೆ ಏರಿಸಿದರೆ ಇನ್ನಷ್ಟು ಉದ್ದವೆನಿಸುತ್ತದೆ. ನಾನು ಪರೀಕ್ಷೆಗೆ ಆಗಸ್ಟಿನಲ್ಲೂ ಕೋಟು ಒಯ್ಯುತ್ತೇನೆ. ಚಿಕ್ಕ ಅಳತೆಯ ಕಾಂಪ್ಯಾಕ್ಟ್ ಮಾದರಿಗಳು ಅಗ್ಗದ ಸಾಲಿನಲ್ಲೇ ಸಿಗುತ್ತವೆ. ಮೈಗೆ ಹೊಂದದ ದುಬಾರಿ ರೈಫಲ್‌ಗಿಂತ ಹೊಂದುವ ಅಗ್ಗದ್ದು ಮೇಲು.

ಆಮೇಲೆ ಬೋಲ್ಟ್. ನಿಧಾನವಾಗಿ ಎಳೆಯಿರಿ, ನಿಧಾನವಾಗಿ ತಳ್ಳಿರಿ. ಅಗ್ಗದ್ದರಲ್ಲಿ ಉಕ್ಕಿನ ಮೇಲೆ ಉಕ್ಕು ಉಜ್ಜುವ ಕರಕರ ಬೆರಳಿಗೆ ತಿಳಿಯುತ್ತದೆ, ಮಧ್ಯದಲ್ಲಿ ಒಮ್ಮೊಮ್ಮೆ ತಡೆಯುತ್ತದೆ. ಅದೇ ಫಿನ್ಲೆಂಡಿನ ಟಿಕ್ಕಾ ಟಿ3ಎಕ್ಸ್ ತೆಗೆದುಕೊಂಡರೆ, ಬೆಣ್ಣೆಯಲ್ಲಿ ಚಾಕು ಆಡಿದಂತೆ ಜಾರುತ್ತದೆ. ಕೊಟ್ಟ ಹೆಚ್ಚಿನ ಹಣದ ದೊಡ್ಡ ಪಾಲು ಇಲ್ಲಿದೆ ಎಂದು ನಾನು ಗೆಳೆಯನಿಗೆ ತೋರಿಸಿದೆ. ಕಾಡಿನಲ್ಲಿ ಇದರ ಬೆಲೆ ತಿಳಿಯುವುದು ಎರಡನೆಯ ಈಡು ಬೇಕಾದಾಗ. ಕೈಗವಸು ಹಾಕಿದ ನಡುಗುವ ಕೈಯಲ್ಲಿ ತಡೆಯುವ ಬೋಲ್ಟನ್ನು ತಳ್ಳುವಾಗ ಕಣ್ಣು ಜಿಂಕೆಯಿಂದ ಸರಿಯುತ್ತದೆ.

ಮೂರನೆಯದು ಹಿಡಿಯ, ಅಂದರೆ ನಳಿಗೆಯ ಕೆಳಗಿನಿಂದ ಭುಜದವರೆಗೆ ಚಾಚುವ ಭಾಗದ, ಗಟ್ಟಿತನ. ಅಗ್ಗದ ರೈಫಲ್‌ಗಳ ನಿಜವಾದ ದೌರ್ಬಲ್ಯ ಇರುವುದು ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಹಿಡಿಯಲ್ಲಿ. ಜೇಬಿನಿಂದ ಒಂದು ಡಾಲರ್ ನೋಟು ತೆಗೆದು ನಳಿಗೆ ಮತ್ತು ಹಿಡಿಯ ಮುಂಭಾಗದ ನಡುವೆ ತೂರಿಸಿ, ಹಿಂದಕ್ಕೆ ಎಳೆದುಕೊಂಡು ಬನ್ನಿ. ಎಲ್ಲೂ ಸಿಕ್ಕಿಕೊಳ್ಳದೆ ಬಂದರೆ ನಳಿಗೆ ಏನನ್ನೂ ತಾಗದೆ ನಿಂತಿದೆ ಎಂದರ್ಥ. ಈಗ ಇನ್ನೊಂದು ಕೈಯಿಂದ ಮುಂಭಾಗವನ್ನು ನಳಿಗೆಯ ಕಡೆ ಒತ್ತಿ ಹಿಡಿದು ಮತ್ತೆ ನೋಟು ಎಳೆಯಿರಿ. ಗೆಳೆಯ ಹೀಗೆ ಮಾಡಿದಾಗ 450ರ ರೈಫಲ್‌ನಲ್ಲಿ ನೋಟು ಕಚ್ಚಿಕೊಂಡಿತು, 1,200ರದ್ದರಲ್ಲಿ ಸಲೀಸಾಗಿ ಬಂತು. ಕಾಡಿನಲ್ಲಿ ರೈಫಲನ್ನು ಮರಕ್ಕೆ ಒತ್ತಿ ಹಿಡಿದರೆ, ಪಟ್ಟಿಯನ್ನು ತೋಳಿಗೆ ಸುತ್ತಿ ಬಿಗಿದರೆ, ಇದೇ ಬಾಗುವಿಕೆ ನಳಿಗೆಯನ್ನು ತಳ್ಳಿ ಗುರಿಯನ್ನು ಸರಿಸುತ್ತದೆ. ಒಂದೇ ಬಗೆಯ ಎರಡು ರೈಫಲ್‌ಗಳಲ್ಲೂ ವ್ಯತ್ಯಾಸವಿರಬಹುದು, ಆದ್ದರಿಂದ ಕಪಾಟಿನಲ್ಲಿರುವ ಎರಡು ಮೂರನ್ನು ಕೇಳಿ ನೋಡಿ.

ಟ್ರಿಗರ್ ವಿಚಾರದಲ್ಲಿ ಅಂತರ ಕಡಿಮೆಯಾಗಿದೆ. ಸ್ಯಾವೇಜ್ ಕಂಪನಿ 2000ದ ದಶಕದ ಆರಂಭದಲ್ಲಿ ಹೊಂದಿಸಿಕೊಳ್ಳಬಹುದಾದ ಹಗುರ ಟ್ರಿಗರ್ ತಂದ ಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಅಂಗಡಿಯವರ ಒಪ್ಪಿಗೆ ಪಡೆದು ಖಾಲಿ ರೈಫಲಿನ ಟ್ರಿಗರ್ ಎಳೆದು ನೋಡಿ. ಬೆರಳಿಗೆ ಎಳೆದಾಟ ತಿಳಿಯದೆ ಗಾಜಿನ ಕಡ್ಡಿ ಮುರಿದಂತೆ ಬಿಡಬೇಕು. ಸುರಕ್ಷತಾ ಕೀಲಿಯನ್ನು ಹಾಕಿಕೊಂಡೇ ಬೋಲ್ಟ್ ತೆರೆದು ತೋಟಾ ಹೊರತೆಗೆಯಲು ಬರುತ್ತದೆಯೇ ಎಂದು ತಪ್ಪದೆ ಕೇಳಿ. ಇದು ಬರುವ ಅಗ್ಗದ ಮಾದರಿಗಳೂ ಇವೆ, ಬಾರದ ದುಬಾರಿ ಮಾದರಿಗಳೂ ಇವೆ.

ಸ್ಕೋಪ್‌ಗೆ ಹಣ ಉಳಿಸಿಕೊಳ್ಳಿ

ಇದನ್ನು ನಾನು ನೋವಿನಿಂದ ಕಲಿತೆ. ನನ್ನ ಮೊದಲ ರೈಫಲ್ ಸ್ಕೋಪ್ (ಗುರಿ ನೋಡುವ ದುರ್ಬೀನು) ಸಮೇತ ಒಂದೇ ಪೆಟ್ಟಿಗೆಯಲ್ಲಿ ಬಂದಿತ್ತು. ಕೂರಿಸಿದ್ದು ಅಂಗಡಿಯವರೇ. ಅಕ್ಟೋಬರಿನಲ್ಲಿ ಗುರಿ ಸರಿಯಾಗಿತ್ತು. ಋತುವಿನ ಎರಡನೆಯ ದಿನ ಅರವತ್ತು ಗಜದಲ್ಲಿ ನಿಂತಿದ್ದ ಜಿಂಕೆಯ ಎದೆಗೆ ಗುರಿಯಿಟ್ಟು ಹೊಡೆದೆ, ಪೆಟ್ಟು ಬಹಳ ಹಿಂದಕ್ಕೆ ಬಿತ್ತು. ಕತ್ತಲಾಗುವವರೆಗೆ, ಮತ್ತೆ ಮರುದಿನ ಮಧ್ಯಾಹ್ನದವರೆಗೆ, ಒಣಗಿದ ಓಕ್ ಎಲೆಗಳ ಮೇಲಿನ ರಕ್ತದ ಹನಿಗಳನ್ನು ಹಿಡಿದು ಹೋದೆ. ಒಂದು ಹಳ್ಳದ ಬಳಿ ಜಾಡು ನಿಂತುಹೋಯಿತು. ಮನೆಗೆ ಬಂದು ನೋಡಿದರೆ ಸ್ಕೋಪ್ ಹಿಡಿದಿದ್ದ ಉಂಗುರದ ಒಂದು ತಿರುಪು ಬೆರಳಿನಲ್ಲೇ ತಿರುಗುತ್ತಿತ್ತು. ಆ ಪ್ರಾಣಿ ಪಟ್ಟ ಪಾಡಿಗೆ ಅಂಗಡಿಯವರಷ್ಟೇ ನಾನೂ ಹೊಣೆ, ಏಕೆಂದರೆ ನಾನು ಒಮ್ಮೆಯೂ ತಿರುಪು ಮುಟ್ಟಿ ನೋಡಿರಲಿಲ್ಲ. ಈಗ ತಯಾರಕರು ಹೇಳಿದ ಬಿಗಿತಕ್ಕೇ ಬಿಗಿಯುವ ಟಾರ್ಕ್ ಸ್ಕ್ರೂಡ್ರೈವರ್ ನನ್ನ ಮೇಜಿನ ಮೇಲೇ ಇರುತ್ತದೆ.

ಅಗ್ಗದ ಜೋಡಿ ಪೆಟ್ಟಿಗೆಗಳಲ್ಲಿ ಬರುವ ಸ್ಕೋಪ್‌ಗಳ ಇನ್ನೊಂದು ಕೊರತೆ, ಬೆಳಗಿನ ಮಬ್ಬು ಮತ್ತು ಸಂಜೆಯ ಮಬ್ಬಿನಲ್ಲಿ ಚಿತ್ರ ಕಲಸಿಹೋಗುವುದು. ಜಿಂಕೆ ಓಡಾಡುವುದು ಆ ಹೊತ್ತಿನಲ್ಲೇ. 3-9x40 ಅಳತೆಯ (ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸಿ ತೋರಿಸುವ, ಮುಂದಿನ ಗಾಜು 40 ಮಿ.ಮೀ. ಅಗಲದ), 250ರಿಂದ 350 ಡಾಲರಿನ ಲ್ಯೂಪೋಲ್ಡ್ ಅಥವಾ ವೋರ್ಟೆಕ್ಸ್ ಸಾಕು. ಲೆಕ್ಕ ಹೀಗೆ ಹಾಕಿ: ರೈಫಲ್ 450, ಸ್ಕೋಪ್ 300, ಸ್ಕೋಪ್ ಕೂರಿಸುವ ಉಂಗುರ ಮತ್ತು ಕಂಬಿ 50, ತೋಟಾ 200. ಒಟ್ಟು ಸಾವಿರ ಡಾಲರ್. ಕೈಯಲ್ಲಿ ಇಷ್ಟೇ ಇದ್ದರೆ 1,200ರ ರೈಫಲ್ ಕಡೆ ಕಣ್ಣು ಹಾಯಿಸಲೂ ಬೇಡಿ. ದುಬಾರಿ ರೈಫಲ್ ಕೊಂಡು ಅದರ ಮೇಲೆ ಎಂಬತ್ತು ಡಾಲರಿನ ಸ್ಕೋಪ್ ಕೂರಿಸಿ, ವರ್ಷಕ್ಕೆ ಒಂದೇ ಡಬ್ಬಿ ತೋಟಾ ಹಾರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ದುಬಾರಿಯದ್ದು ಯಾರಿಗೆ?

ಮಳೆ ಹಿಮದಲ್ಲಿ ದಿನವಿಡೀ ಇರುವವರಿಗೆ ತುಕ್ಕು ಹಿಡಿಯದ ಉಕ್ಕು ಬೇಕು. ಬೆಟ್ಟ ಹತ್ತಿ ಮೈಲಿಗಟ್ಟಲೆ ನಡೆಯುವವರಿಗೆ ಹಗುರವಾಗಿಯೂ ಗಟ್ಟಿಯಾಗಿಯೂ ಇರುವ ಹಿಡಿ ಬೇಕು. ಇವೆರಡಕ್ಕೂ ಹಣ ತೆರಲೇಬೇಕು. ಆದರೆ ಹಗುರ ರೈಫಲ್ ಭುಜಕ್ಕೆ ಜೋರಾಗಿ ಒದೆಯುತ್ತದೆ. ಮರದ ಮೇಲಿನ ಅಟ್ಟಣಿಗೆಯಲ್ಲಿ ಕೂತು ಕಾಯುವವರು ಆ ತೂಕ ಉಳಿಸಿ ಮಾಡುವುದೇನಿಲ್ಲ.

ಇನ್ನೊಂದು ಕಾರಣ ಲೆಕ್ಕಕ್ಕೆ ಸಿಗುವಂಥದ್ದಲ್ಲ, ಆದರೂ ನನಗೆ ಅದು ದೊಡ್ಡದು. ನಮ್ಮ ಮನೆಯ ಜೋಡುನಳಿಗೆ ಕೋವಿ ದೊಡ್ಡಪ್ಪನ ಕೈಯಿಂದ ಅವರ ಮಗನ ಕೈಗೆ ಬಂದಿದೆ. ಹಿಡಿಯ ಮರ ದೊಡ್ಡಪ್ಪನ ಕೆನ್ನೆ ತಾಗಿದ ಜಾಗದಲ್ಲಿ ನುಣುಪಾಗಿದೆ. 1936ರಲ್ಲಿ ಬಂದ ವಿಂಚೆಸ್ಟರ್ ಮಾಡೆಲ್ 70ರಂಥ ವಾಲ್‌ನಟ್ ಮರದ ರೈಫಲನ್ನು ಮಗಳಿಗೆ ಕೊಡಬೇಕೆಂದು ಯಾರಾದರೂ ಕೊಂಡರೆ, ಆ ಹಣ ವ್ಯರ್ಥವೆಂದು ನಾನು ಹೇಳಲಾರೆ.

ಅಗ್ಗದ್ದು, ದುಬಾರಿಯದ್ದು ಇವೆರಡರ ನಡುವೆ ನಿಂತವರಿಗೆ ನನ್ನ ಸಲಹೆ 800-900 ಡಾಲರಿನ ಆಸುಪಾಸಿನ ಟಿಕ್ಕಾ. ಇದು ತಯಾರಾಗುವುದು ಇದಕ್ಕಿಂತ ಬಹಳ ದುಬಾರಿಯಾದ ಸಾಕೋ ರೈಫಲ್‌ಗಳ ರೀಹಿಮ್ಯಾಕಿ ಕಾರ್ಖಾನೆಯಲ್ಲಿಯೇ. ಅದರ ಮೇಲಿನ ಪ್ರತಿ ನೂರು ಡಾಲರಿಗೂ ಸಿಗುವ ಲಾಭ ಸಣ್ಣದಾಗುತ್ತ ಹೋಗುತ್ತದೆ.

ಬಳಸಿದ ರೈಫಲ್ ಕೊಳ್ಳುವುದಾದರೆ ನಳಿಗೆಯೊಳಗೆ ಬೆಳಕು ಬಿಟ್ಟು ತುಕ್ಕಿನ ಗುಳಿ ನೋಡಿ, ತಿರುಪುಗಳ ತಲೆ ಕಿತ್ತುಹೋಗಿದೆಯೇ ನೋಡಿ, ಕ್ರಮಸಂಖ್ಯೆಯನ್ನು ತಯಾರಕರಿಗೆ ಕೊಟ್ಟು ವಾಪಸು ಕರೆಸಿಕೊಂಡ ಮಾದರಿಯೇ ಎಂದು ವಿಚಾರಿಸಿ.

ಕೊಂಡ ಮೇಲೆ

ಗುರಿ ಹೊಂದಿಸುವುದನ್ನು 25 ಗಜದಿಂದ ಆರಂಭಿಸಿ. ಬಹುತೇಕ ಸ್ಕೋಪ್‌ಗಳ ಗುಂಡಿ ತಿರುಗಿಸುವಾಗ ಒಮ್ಮೆ ಟಿಕ್ ಎಂದರೆ 100 ಗಜದಲ್ಲಿ ಗುರಿ ಕಾಲು ಅಂಗುಲ ಸರಿಯುತ್ತದೆ. ಅದೇ 25 ಗಜದಲ್ಲಿ ಒಂದು ಅಂಗುಲ ಸರಿಸಲು ಹದಿನಾರು ಟಿಕ್ ಬೇಕು. ಹೊಸಬರು ಇದನ್ನು ಮರೆತು ತೋಟಾ ಖರ್ಚು ಮಾಡುತ್ತಾರೆ. ನಂತರ 100 ಗಜಕ್ಕೆ ಹೋಗಿ, ಮೂರು ಈಡು ಹೊಡೆದು ನಳಿಗೆ ಕೈಗೆ ತಣ್ಣಗಾಗುವವರೆಗೆ ಕಾದು ಮತ್ತೆ ಹೊಡೆಯಿರಿ. ತೆಳು ನಳಿಗೆ ಬಿಸಿಯಾದಂತೆ ತೂತುಗಳು ಚದುರುತ್ತವೆ. ಕಾಡಿನಲ್ಲಿ ಲೆಕ್ಕಕ್ಕೆ ಬರುವುದು ತಣ್ಣಗಿನ ನಳಿಗೆಯ ಮೊದಲ ಈಡು. ಗುರಿ ಹೊಂದಿದ ಮೇಲೆ ಮೇಜು ಬಿಟ್ಟು ಏಳಿ. ಮಂಡಿಯೂರಿ, ಕೂತು, ಮರಕ್ಕೆ ಒರಗಿ ಹೊಡೆದು ಕಲಿಯಿರಿ. ಎಂಟು ಅಂಗುಲದ ಊಟದ ತಟ್ಟೆಗೆ ಎಷ್ಟು ದೂರದಿಂದ ಪ್ರತಿ ಬಾರಿಯೂ ತಾಗಿಸಬಲ್ಲಿರೋ, ಜಿಂಕೆಗೆ ನಿಮ್ಮ ದೂರ ಅಷ್ಟೇ.

ಮನೆಯಲ್ಲಿ ರೈಫಲ್ ಬೀಗದೊಳಗೆ, ತೋಟಾ ಬೇರೆ ಬೀಗದೊಳಗೆ. ಕಾಡಿಗೆ ಹೋಗುವಾಗ ತಲೆ, ಎದೆ, ಬೆನ್ನಿನ ಮೇಲೆ ಒಟ್ಟು 250 ಚದರ ಅಂಗುಲ ಹೊಳೆಯುವ ಕಿತ್ತಳೆ ಬಣ್ಣವಿರಬೇಕು ಎನ್ನುವುದು ಪೆನ್ಸಿಲ್ವೇನಿಯದ ನಿಯಮ.

ಗೆಳೆಯ ಅಂದು ಎರಡನ್ನೂ ಕೊಳ್ಳಲಿಲ್ಲ. ಎರಡು ವಾರ ಬಿಟ್ಟು ಅಗ್ಗದ ಸಾಲಿನಲ್ಲೇ ಕಾಂಪ್ಯಾಕ್ಟ್ ಹಿಡಿಯದ್ದೊಂದು ಕೊಂಡ, ಕ್ರೀಡ್‌ಮೂರ್‌ನದ್ದು. ನೋಟು ಕಚ್ಚಿಕೊಳ್ಳದ್ದನ್ನು ಹುಡುಕಲು ನಾಲ್ಕು ರೈಫಲ್ ತೆಗೆಸಿದನಂತೆ. ಉಳಿದ ಹಣದಲ್ಲಿ ಆರು ಡಬ್ಬಿ ತೋಟಾ ತಂದಿದ್ದಾನೆ. ಈ ಶನಿವಾರ ಬೆಳಗ್ಗೆ ಏಳಕ್ಕೆ ನಾವಿಬ್ಬರೂ ರೇಂಜಿನಲ್ಲಿ ಇರುತ್ತೇವೆ, ಅವನು ಮನೆಯಿಂದ ಕಾಗದದ ತಟ್ಟೆಗಳ ಒಂದು ಕಟ್ಟು ತರುತ್ತಾನೆ.