ಟ್ರಿಪ್ ರಿಲೇಯ ತಂತಿ ಬದಲಿಸಿದ ನನ್ನ ಅನುಭವ

ನಮ್ಮ ಅಕ್ಕಿ ಗಿರಣಿಯ 30 ಎಚ್‌ಪಿ ಮೋಟಾರಿಗೆ ಇದ್ದ ಹಳೆಯ ಥರ್ಮಲ್ ಓವರ್‌ಲೋಡ್ ರಿಲೇಯನ್ನು (ಹೊರೆ ಹೆಚ್ಚಾದಾಗ ‘ಟ್ರಿಪ್’ ಆಗಿ ಮೋಟಾರ್ ನಿಲ್ಲಿಸುವ ಸಾಧನ) ತೆಗೆದು ಎಲೆಕ್ಟ್ರಾನಿಕ್ ರಿಲೇ ಕೂರಿಸಿದಾಗ, ಹಳೆಯದರ 95-96 ಟರ್ಮಿನಲ್‌ಗಳಲ್ಲಿದ್ದ (ಟ್ರಿಪ್ ಆದಾಗ ತೆರೆಯುವ ಕಾಂಟ್ಯಾಕ್ಟ್) ಕಂಟ್ರೋಲ್ ತಂತಿಯನ್ನು ಹೊಸದರ ಎನ್‌ಸಿ (ರಿಲೇಯ ಕಾಯಿಲ್‌ಗೆ ಕರೆಂಟಿಲ್ಲದಾಗ ಮುಚ್ಚಿರುವ) ಕಾಂಟ್ಯಾಕ್ಟಿಗೆ ಹಾಗೆಯೇ ಜೋಡಿಸಿದೆ. ಸ್ಟಾರ್ಟ್ ಬಟನ್ ಒತ್ತಿದರೆ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟು ಕೊಡುವ ವಿದ್ಯುತ್ ಚಾಲಿತ ಸ್ವಿಚ್) ಎಳೆಯಲಿಲ್ಲ. ರಿಲೇಯ ಮೇಲಿನ ದೋಷದ ದೀಪವೂ ಹೊತ್ತಲಿಲ್ಲ.

ಮೇನ್ ಸ್ವಿಚ್ ಆಫ್ ಮಾಡಿ ಮಲ್ಟಿಮೀಟರ್ ಹಿಡಿದರೆ ಅದೇ ಕಾಂಟ್ಯಾಕ್ಟ್ ಬೀಪ್ ಎನ್ನುತ್ತಿತ್ತು, ಅದರಿಂದಲೇ ನಾನು ಅರ್ಧ ದಿನ ದಾರಿ ತಪ್ಪಿದೆ. ಕರೆಂಟು ಕೊಟ್ಟು ಅಳೆದಾಗ ಕಾಂಟ್ಯಾಕ್ಟಿನ ಕಾಮನ್ (ಕರೆಂಟು ಒಳಬರುವ) ತುದಿಯಲ್ಲಿ 230 ವೋಲ್ಟ್ ಇತ್ತು, ಎನ್‌ಸಿಯಲ್ಲಿ ಏನೂ ಇರಲಿಲ್ಲ. ಸಪ್ಲೈ ಬಂದ ಕ್ಷಣದಲ್ಲೇ ರಿಲೇಯೊಳಗಿಂದ ಕೇಳಿಸುತ್ತಿದ್ದ ‘ಟಿಕ್’ ಸದ್ದನ್ನು ಗಮನಿಸಿದ ಮೇಲೆ ವಿಷಯ ಹೊಳೆಯಿತು: ಔಟ್‌ಪುಟ್ ಫೇಲ್-ಸೇಫ್ ಕ್ರಮದಲ್ಲಿತ್ತು. ಈ ಕ್ರಮದಲ್ಲಿ ಎಲ್ಲವೂ ಸರಿಯಿರುವಾಗ ಒಳಗಿನ ಕಾಯಿಲ್ ಎಳೆದುಕೊಂಡಿರುತ್ತದೆ, ಟ್ರಿಪ್ ಆದಾಗ ಬಿಡುತ್ತದೆ. ಆದರೆ ಪೆಟ್ಟಿಗೆಯ ಮೇಲಿನ ಚಿತ್ರ ತೋರಿಸುವುದು ಸಪ್ಲೈ ಇಲ್ಲದ ಸ್ಥಿತಿಯನ್ನು; ಸಪ್ಲೈ ಬಂದು ಕಾಯಿಲ್ ಎಳೆದೊಡನೆ ಎನ್‌ಸಿ ತೆರೆದುಕೊಳ್ಳುತ್ತದೆ. ಅಂದರೆ ನನ್ನ ಜೋಡಣೆಯಲ್ಲಿ ಮೋಟಾರ್ ಓಡಬಹುದಾಗಿದ್ದದ್ದು ಟ್ರಿಪ್ ಆದ ಮೇಲೆ ಮಾತ್ರ!

ರಿಲೇಯ ಸೆಟ್ಟಿಂಗನ್ನು ಫೇಲ್-ಸೇಫ್ ಅಲ್ಲದ ಕ್ರಮಕ್ಕೆ ಬದಲಿಸಿದ್ದರೂ ಕೆಲಸ ನಡೆಯುತ್ತಿತ್ತು, ಆದರೆ ಆಗ ರಿಲೇಯ ಸಪ್ಲೈ ಹೋದರೂ ಮೋಟಾರ್ ರಕ್ಷಣೆಯಿಲ್ಲದೆ ಓಡುತ್ತಿರುತ್ತದೆ ಎಂಬ ಕಾರಣಕ್ಕೆ ನಾನು ಅದನ್ನು ಒಪ್ಪಲಿಲ್ಲ. ಮೇನ್ ಸ್ವಿಚ್ ಆಫ್ ಮಾಡಿ ಅದಕ್ಕೆ ಲಾಕ್ ಹಾಕಿ, ಕಂಟ್ರೋಲ್ ತಂತಿಯನ್ನು ಎನ್‌ಒಗೆ (ಕಾಯಿಲ್ ಎಳೆದಾಗ ಮುಚ್ಚುವ ಕಾಂಟ್ಯಾಕ್ಟ್) ಸರಿಸಿ, ಟ್ರಿಪ್ ದೀಪದ ತಂತಿಯನ್ನು ಎನ್‌ಸಿಗೆ ಕೊಟ್ಟೆ. ಬಳಿಕ ಮೋಟಾರ್ ಓಡುತ್ತಿದ್ದಾಗ ಟೆಸ್ಟ್ ಬಟನ್ ಒತ್ತಿದೆ. ಕಾಂಟ್ಯಾಕ್ಟರ್ ಬಿಟ್ಟಿತು, ದೀಪ ಹೊತ್ತಿತು. ರಿಲೇಯ ಸಪ್ಲೈ ಫ್ಯೂಸ್ ಕಿತ್ತು ನೋಡಿದಾಗಲೂ ಮೋಟಾರ್ ನಿಂತಿತು.