ಐಸ್‌ಕ್ರೀಂ ಘಟಕದ ವಿಸ್ತರಣೆಗೆ ಹಣ ಹಾಕುತ್ತೀರಾ? ಮೊದಲು ಹಾರ್ಡನಿಂಗ್ ರೂಮ್ ನೋಡಿ

ಪರಿಚಯದವರ ಸಣ್ಣ ಐಸ್‌ಕ್ರೀಂ ಘಟಕ ಚೆನ್ನಾಗಿ ನಡೆಯುತ್ತಿದೆ. ದೊಡ್ಡ ಮೆಷಿನ್ ಹಾಕಲು ಪಾಲುದಾರರನ್ನು ಹುಡುಕುತ್ತಿದ್ದಾರೆ. ಮಂಗಳೂರು, ಉಡುಪಿ ಕಡೆ ಆಗಾಗ ಕೇಳಿಬರುವ ಪ್ರಸ್ತಾಪ ಇದು. ಲಾಭದ ಲೆಕ್ಕ ಕೇಳುವ ಮುಂಚೆ ಸರಕಿನಿಂದ ಶುರುಮಾಡಿ.

ಘಟಕದಿಂದ ಬೇಡ, ದೂರದ ಅಂಗಡಿಯಿಂದ ಒಂದು ಲೀಟರ್ ಪ್ಯಾಕ್ ಕೊಂಡು, ಡಬ್ಬಿಯ ತೂಕ ಕಳೆದು ತೂಗಿ. ಆಹಾರ ಸುರಕ್ಷತಾ ನಿಯಮದಂತೆ ಸಾಮಾನ್ಯ ಐಸ್‌ಕ್ರೀಂ ಲೀಟರಿಗೆ ಕನಿಷ್ಠ 525 ಗ್ರಾಂ ಇರಬೇಕು, ಹಾಲಿನ ಕೊಬ್ಬು ಶೇ 10ಕ್ಕೆ ಕಡಿಮೆ ಇರಬಾರದು. ಸಸ್ಯಜನ್ಯ ಕೊಬ್ಬು ಬಳಸಿದ್ದರೆ ಲೇಬಲ್ಲಿನಲ್ಲಿ 'ಫ್ರೋಜನ್ ಡೆಸರ್ಟ್' ಎಂದಿರಬೇಕು. ತೂಕ ಕಡಿಮೆ ಬಂದರೆ ತಯಾರಿಸುವಾಗ ಬೆರೆಸಿದ ಗಾಳಿ ಹೆಚ್ಚಾಗಿದೆ. ನಾಲಿಗೆಗೆ ಹರಳು ಹರಳಾಗಿ ಸಿಕ್ಕರೆ, ಒಂದೋ ನಿಧಾನವಾಗಿ ಗಟ್ಟಿಯಾಗಿದೆ, ಇಲ್ಲವೇ ದಾರಿಯಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಿದೆ.

ಆಮೇಲೆ ಘಟಕಕ್ಕೆ ಹೋಗಿ. ಗಂಟೆಗೆ 300 ಲೀಟರ್ ತೆಗೆಯುವ ಮೆಷಿನ್ ಎಂಟು ಗಂಟೆ ಓಡಿದರೆ 2,400 ಲೀಟರ್. ಅದರಲ್ಲಿ ಅರ್ಧ ಗಾಳಿ ಎಂದುಕೊಂಡರೂ 1,200 ಲೀಟರ್ ಮಿಕ್ಸ್ (ಹೆಪ್ಪುಗಟ್ಟಿಸುವ ಮುಂಚಿನ ದ್ರವ ಮಿಶ್ರಣ) ಬೇಕು. ಪಾಶ್ಚರೀಕರಿಸಿದ ಮಿಕ್ಸ್ 4 ಡಿಗ್ರಿಯಲ್ಲಿ ಕನಿಷ್ಠ ನಾಲ್ಕು ಗಂಟೆ ಏಜಿಂಗ್ ವ್ಯಾಟ್‌ನಲ್ಲಿ, ಅಂದರೆ ಮಿಕ್ಸ್ ಹದಗೊಳ್ಳುವ ತೊಟ್ಟಿಯಲ್ಲಿ, ನಿಲ್ಲಬೇಕು, ರಾತ್ರಿಯಿಡೀ ನಿಂತರೆ ಇನ್ನೂ ಒಳ್ಳೆಯದು. ವ್ಯಾಟ್ 600 ಲೀಟರಿನದಾದರೆ ಮೆಷಿನ್ ಅರ್ಧ ದಿನ ಸುಮ್ಮನೆ ನಿಲ್ಲುತ್ತದೆ.

ವಿಸ್ತರಣೆ ಹೆಚ್ಚಾಗಿ ಮುಗ್ಗರಿಸುವುದು ಹಾರ್ಡನಿಂಗ್ ರೂಮಿನಲ್ಲಿ, ಅಂದರೆ ಐಸ್‌ಕ್ರೀಂ ಗಟ್ಟಿ ಮಾಡುವ ಕೋಣೆಯಲ್ಲಿ. ಮೆಷಿನ್‌ನಿಂದ ಐಸ್‌ಕ್ರೀಂ ಮೈನಸ್ 5–6 ಡಿಗ್ರಿಯಲ್ಲಿ ಮೆತ್ತಗೆ ಹೊರಬರುತ್ತದೆ. ಮೈನಸ್ 30ರ ಆಸುಪಾಸಿನ ಬೀಸುಗಾಳಿಯಲ್ಲಿ ಅದರ ನಡುಭಾಗ ಬೇಗನೆ ಮೈನಸ್ 18ಕ್ಕೆ ಇಳಿಯಬೇಕು. ತಡವಾದಷ್ಟೂ ಹರಳು ದಪ್ಪವಾಗುತ್ತದೆ. ಸಂಜೆ ಕೋಣೆ ತುಂಬಿದ ಮೇಲೆ ಒಳಗೆ ಹೋಗಿ ನೋಡಿ. ಡಬ್ಬಿಗಳ ನಡುವೆ ಗಾಳಿಯಾಡಲು ಸಂದಿದೆಯೇ? ತಂಪು ಮಾಡುವ ಕೊಳವೆಗಳ (ಕಾಯಿಲ್) ಮೇಲೆ ಹಿಮ ದಪ್ಪಗೆ ಕೂತಿದೆಯೇ? ಮರುದಿನ ಬೆಳಿಗ್ಗೆ ರಾಶಿಯ ನಡುವಿನ ಡಬ್ಬಿಯೊಂದನ್ನು ತೆಗೆಸಿ ಥರ್ಮಾಮೀಟರಿನ ಮೊನೆಯನ್ನು ಮಧ್ಯಕ್ಕೆ ಚುಚ್ಚಿ. ಮೈನಸ್ 12 ತೋರಿಸಿದರೆ ಹಣ ಬೇಕಿರುವುದು ಮೊದಲು ಈ ಕೋಣೆಗೆ, ಮೆಷಿನ್‌ಗೆ ಆಮೇಲೆ. ಮಂಜೂರಾದ ವಿದ್ಯುತ್ ಲೋಡ್, ಜನರೇಟರ್, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇವನ್ನೂ ವಿಚಾರಿಸಿ.

ಹೊಸ ಅಂಗಡಿ ಹಿಡಿಯಬೇಕಾದರೆ ಸಾಮಾನ್ಯವಾಗಿ ಡೀಪ್ ಫ್ರೀಜರನ್ನು ಕಂಪನಿಯೇ ಇಡಬೇಕು. ಯೋಜನಾ ವರದಿಯಲ್ಲಿ ಈ ಖರ್ಚು ಸೇರಿದೆಯೇ ನೋಡಿ. ಯಾವ ಫ್ರೀಜರ್ ಎಲ್ಲಿದೆ, ತಿಂಗಳಿಗೆ ಎಷ್ಟು ಮಾರುತ್ತದೆ ಎಂಬ ಪಟ್ಟಿ ತೆಗೆದುಕೊಂಡು ಹತ್ತು ಅಂಗಡಿ ಸುತ್ತಿ. ಫ್ರೀಜರಿನೊಳಗೆ ನೀರಿನ ಬಾಟಲಿ ತುಂಬಿದ್ದರೆ, ಕರೆಂಟು ಬಿಲ್ಲಿಗೆ ಹೆದರಿ ರಾತ್ರಿ ಸ್ವಿಚ್ ಆರಿಸುತ್ತಿದ್ದರೆ ಆ ಫ್ರೀಜರ್ ದುಡಿಯುತ್ತಿಲ್ಲ.

ಮೂರು ವರ್ಷದ ಮಾರಾಟವನ್ನು ತಿಂಗಳುವಾರು ಕೇಳಿ, ಜಿಎಸ್‌ಟಿ ರಿಟರ್ನ್ ಜತೆ ತಾಳೆ ನೋಡಿ. ಬೇಸಿಗೆಯಲ್ಲಿ ಬಂದ ಹಣದಲ್ಲೇ ಮಳೆಗಾಲದ ಕಂತು ಕಟ್ಟಬೇಕು. 2025ರ ಸೆಪ್ಟೆಂಬರ್ 22ರಿಂದ ಐಸ್‌ಕ್ರೀಂ ತೆರಿಗೆ ಶೇ 18ರಿಂದ 5ಕ್ಕೆ ಇಳಿದಿದೆ. ಆದರೆ ಮೆಷಿನ್ ಮೇಲೆ ಕಟ್ಟಿದ ಶೇ 18 ತೆರಿಗೆ ಮರುಪಾವತಿಯಾಗಿ ಸಿಗುವುದಿಲ್ಲ. ಮಾರಾಟದ ತೆರಿಗೆಯಲ್ಲಿ ವಜಾ ಆಗುತ್ತಾ ತೀರಲು ಬಹಳ ಕಾಲ ಬೇಕು. ಅಷ್ಟು ಹಣ ಸಿಕ್ಕಿಬಿದ್ದಿರುತ್ತದೆ, ದುಡಿಯುವ ಬಂಡವಾಳಕ್ಕೆ ಬೇರೆ ಹಣ ಇಡಲೇಬೇಕು.

ಇನ್ನು ಕಾಗದಪತ್ರ. ಸಾಮಾನ್ಯ ಪಾಲುದಾರಿಕೆ ಸಂಸ್ಥೆ ಸೇರಿದರೆ ಅದರ ಸಾಲಕ್ಕೆ ನಿಮ್ಮ ಮನೆ, ಜಮೀನೂ ಹೊಣೆ. ಎಲ್‌ಎಲ್‌ಪಿಯಲ್ಲಿ (ಸೀಮಿತ ಹೊಣೆಯ ಪಾಲುದಾರಿಕೆ) ಹೊಣೆ ಹಾಕಿದ ಬಂಡವಾಳದಷ್ಟೇ. ಪ್ರೈವೇಟ್ ಲಿಮಿಟೆಡ್ ಆದರೆ ಕೈಸಾಲದ ರೂಪದಲ್ಲಿ ಹಣ ಕೊಡಬೇಡಿ. ಸದಸ್ಯರೂ ನಿರ್ದೇಶಕರೂ ನಿರ್ದೇಶಕರ ಸಂಬಂಧಿಕರೂ ಅಲ್ಲದವರಿಂದ ಕಂಪನಿ ಹಾಗೆ ಹಣ ಪಡೆದರೆ ಠೇವಣಿ ನಿಯಮ ಮುರಿದಂತೆ. ಷೇರು ಪಡೆಯಿರಿ, ಹಣ ಬ್ಯಾಂಕ್ ಮೂಲಕವೇ ಹೋಗಲಿ. 60 ದಿನದೊಳಗೆ ಷೇರು ಹಂಚಿಕೆ ಆಗಬೇಕು. ಇರುವ ಯಂತ್ರಗಳು ಯಾವ ಬ್ಯಾಂಕಿಗೆ ಅಡವಾಗಿವೆ ಎಂಬುದನ್ನು ಲೆಕ್ಕಪರಿಶೋಧಕರಿಂದ ತೆಗೆಸಿ.

ಹಣವನ್ನು ಒಟ್ಟಿಗೆ ಕೊಡದೆ ಮೂರು ಕಂತು ಮಾಡಿ: ಆರ್ಡರ್ ಮಾಡುವಾಗ, ಮೆಷಿನ್ ಬಂದಾಗ, ಹಾರ್ಡನಿಂಗ್ ರೂಮ್ ತುಂಬಿಸಿಟ್ಟು ಮೈನಸ್ 18 ತೋರಿಸಿದಾಗ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುವ ಹೊತ್ತಿಗೆ ಪ್ರಾಯೋಗಿಕ ಓಟ ಮುಗಿದಿರಬೇಕು. ಏಪ್ರಿಲ್ ತಪ್ಪಿದರೆ ಹೊಸ ಮೆಷಿನ್ ಪೂರಾ ಸಾಮರ್ಥ್ಯಕ್ಕೆ ಓಡುವುದು ಮುಂದಿನ ಬೇಸಿಗೆಗೆ, ಬಡ್ಡಿ ಮಾತ್ರ ಈ ತಿಂಗಳಿಂದಲೇ.